ಇವತ್ತು ಹತ್ತಲ್ಲ ಎನ್ನುವ ಹಕ್ಕು

ಮೊಬೈಲ್ ಟವರ್ ಹತ್ತುವವರಲ್ಲಿ ಎರಡು ಥರದವರಿದ್ದಾರೆ. ಒಬ್ಬ, ಜಮೀನಿನ ಖಾತೆ ಆಗಲಿಲ್ಲ ಅಂತಲೋ, ಹೆಂಡತಿ ತವರಿಂದ ವಾಪಸು ಬರಲಿಲ್ಲ ಅಂತಲೋ ಸಿಟ್ಟಿನಿಂದ ಹತ್ತುವವನು. ಅವನು ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ಪೊಲೀಸರು ಬರುತ್ತಾರೆ, ಅಗ್ನಿಶಾಮಕ ದಳದ ಗಾಡಿ ಬರುತ್ತದೆ, ಆಂಬ್ಯುಲೆನ್ಸ್ ಬಂದು ನಿಲ್ಲುತ್ತದೆ. ದೊಡ್ಡ ಅಧಿಕಾರಿಯೊಬ್ಬರು ಮೈಕ್ ಹಿಡಿದು 'ಇಳಿದು ಬಾರಪ್ಪಾ, ಕೂತು ಮಾತಾಡೋಣ' ಎಂದು ಅಂಗಲಾಚುತ್ತಾರೆ. ಮಾರನೇ ದಿನದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಇನ್ನೊಬ್ಬ, ಕೂಲಿಗಾಗಿ ಹತ್ತುವವನು. ಅವನು ಬೆಳಿಗ್ಗೆ ಎಂಟಕ್ಕೆ ಹತ್ತಿ ಸಂಜೆ ಇಳಿಯುತ್ತಾನೆ. ಅವನಿಗಾಗಿ ಯಾರೂ ಬರುವುದಿಲ್ಲ. ಬಿದ್ದರೆ ಮಾತ್ರ ಬರುತ್ತಾರೆ, ಅದೂ ಪಂಚನಾಮೆಗೆ.

ಎತ್ತರ ಇಬ್ಬರಿಗೂ ಒಂದೇ. 30 ಮೀಟರ್ ಮೇಲಿಂದ ಬಿದ್ದ ಮನುಷ್ಯ ನೆಲ ಮುಟ್ಟುವುದಕ್ಕೆ ಎರಡೂವರೆ ಸೆಕೆಂಡ್ ಸಾಕು. ಸಾಯಲು ಹತ್ತಿದವನನ್ನು ಉಳಿಸಲು ನಾವು ಮಾಡುವ ಸಿದ್ಧತೆಯ ಕಾಲುಭಾಗವನ್ನಾದರೂ ದುಡಿಯಲು ಹತ್ತಿದವನಿಗೆ ಯಾಕೆ ಮಾಡುವುದಿಲ್ಲ? ಈ ಪ್ರಶ್ನೆಯನ್ನು ಕಂಪನಿಗಳಿಗೆ, ಸರ್ಕಾರಕ್ಕೆ ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳಬೇಕಾದ ಪ್ರಸಂಗವೊಂದಿದೆ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ನಾಚಿಕೆಗೇಡು.

ನಮ್ಮದು ಸಾಗರದ ಕಡೆಯ ಒಂದು ಹಳ್ಳಿ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕೂತು ಆನ್‌ಲೈನ್ ಪಾಠ ಕೇಳಿದ್ದು ನಿಮಗೆ ನೆನಪಿರಬಹುದು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ನಮ್ಮ ಜಿಲ್ಲೆಯ ಎಷ್ಟೋ ಊರುಗಳು ಬೋರ್ಡು ಹಾಕಿದ್ದವು. ನಮ್ಮೂರಿನ ಅರ್ಜಿ ಬರೆದವನು ನಾನು. ಮೇಷ್ಟರ ಕೈಬರಹ, ಮೇಷ್ಟರ ಭಾಷೆ. ಎರಡು ವರ್ಷ ಓಡಾಡಿದ ಮೇಲೆ ಟವರ್ ಮಂಜೂರಾಯಿತು. ಕಂಬಿ ಬಂತು, ಅಡಿಪಾಯ ಬಂತು, ಮಳೆಯೂ ಬಂತು. ಆಗಸ್ಟ್ 15ರೊಳಗೆ ಚಾಲೂ ಆಗಬೇಕು ಎಂದು ನಾವೇ ಊರವರು ಹಟ ಹಿಡಿದೆವು. ಶಾಲೆಯ ಧ್ವಜಾರೋಹಣದ ದಿನವೇ ಉದ್ಘಾಟನೆ ಎಂದು ಕರಪತ್ರ ಹಂಚಿದ್ದೂ ಆಯಿತು. ಕೆಲಸದ ಸೂಪರ್‌ವೈಸರ್‌ಗೆ ನಾನು ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿ 'ಏನಪ್ಪಾ, ಇನ್ನೂ ಎಷ್ಟು ದಿನ?' ಎಂದು ಕೇಳಿದ್ದೆ.

ಕೆಲಸಕ್ಕೆ ಬಂದವರು ನಾಲ್ಕು ಹುಡುಗರು. ಉತ್ತರದ ರಾಜ್ಯವೊಂದರಿಂದ ಬಂದವರು, ಕನ್ನಡ ಬಾರದು, ಪಂಚಾಯಿತಿ ಕಟ್ಟೆಯ ಪಕ್ಕದ ಶೆಡ್ಡಿನಲ್ಲಿ ಮಲಗುತ್ತಿದ್ದರು. ಆಗಸ್ಟ್ ಮೊದಲ ವಾರದ ಒಂದು ದಿನ, ಮಳೆ ಸ್ವಲ್ಪ ಬಿಟ್ಟ ಹೊತ್ತಿನಲ್ಲಿ ಇಬ್ಬರು ಮೇಲೆ ಹತ್ತಿದರು. ಒಬ್ಬನ ಕಾಲು ಜಾರಿತು. ಸೊಂಟದ ಪಟ್ಟಿಯ ಕೊಕ್ಕೆ ಹಿಡಿದುಕೊಂಡಿತು, ಹುಡುಗ ಬೀಳಲಿಲ್ಲ. ಆದರೆ ನೇತಾಡಿದ. ಭುಜ ಕಬ್ಬಿಣಕ್ಕೆ ಬಡಿದಿತ್ತು, ಕೈ ಎತ್ತಲಾಗುತ್ತಿರಲಿಲ್ಲ. ಮೇಲಿದ್ದ ಇನ್ನೊಬ್ಬ ಇಳಿದು ಅವನ ಹತ್ತಿರ ಬಂದ. ಬಂದು ಏನು ಮಾಡಬೇಕೆಂದು ತೋಚದೆ ನಿಂತ. ಅಲ್ಲಿ ಬೇರೆ ಹಗ್ಗವಿರಲಿಲ್ಲ, ಆಂಟೆನಾ ಎಳೆಯುವ ಹಗ್ಗವೊಂದೇ ಇತ್ತು. ಕೆಳಗಿದ್ದವರು ಸೂಪರ್‌ವೈಸರ್‌ಗೆ ಫೋನ್ ಮಾಡಬೇಕೆಂದರೆ ಊರಲ್ಲಿ ನೆಟ್‌ವರ್ಕ್ ಇಲ್ಲ! ಯಾವ ಊರಿಗೆ ನೆಟ್‌ವರ್ಕ್ ತರಲು ಬಂದಿದ್ದರೋ ಆ ಊರಿಂದ ಅವರಿಗೇ ಒಂದು ಫೋನ್ ಮಾಡಲು ಆಗಲಿಲ್ಲ.

ಜನ ಸೇರಿದರು. ನಾನೂ ಇದ್ದೆ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ನಮ್ಮ ಊರಿನ ಕೊನೆಗೌಡ ಕೇಳಿದ: 'ಅಲ್ಲಾ ಮೇಷ್ಟ್ರೇ, ಹತ್ತಿಸಿದಾರಲ್ಲ, ಇವನನ್ನ ಇಳಿಸೋರು ಯಾರು?'

ಅದಕ್ಕೆ ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕಡೆಗೆ ಆಂಟೆನಾ ಎಳೆಯುವ ಹಗ್ಗವನ್ನೇ ಅವನ ಎದೆಗೆ ಸುತ್ತಿ, ರಾಟೆಯ ಮೇಲೆ ಇಂಚಿಂಚಾಗಿ ಕೆಳಗೆ ಬಿಟ್ಟರು. ಮುಕ್ಕಾಲು ಗಂಟೆ ಹಿಡಿಯಿತು. ಇಳಿದಾಗ ಅವನಿಗೆ ಕಾಲುಗಳ ಮೇಲೆ ನಿಲ್ಲಲು ಆಗಲಿಲ್ಲ, ತುಟಿ ಬೆಳ್ಳಗಾಗಿತ್ತು. ಊರಿನ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಬದುಕಿದ. ಸಂಜೆ ಬಂದ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: 'ಬೆಲ್ಟ್ ಹಾಕಿದ್ದಕ್ಕೆ ಏನೂ ಆಗಲಿಲ್ಲ ಸಾರ್. ಸ್ವಲ್ಪ ಅಜಾಗರೂಕತೆ ಮಾಡಿಬಿಟ್ಟ.' ವಾರದೊಳಗೆ ಹುಡುಗನನ್ನು ಅವನ ಊರಿಗೆ ಕಳಿಸಿ ಬೇರೆಯವನನ್ನು ತಂದರು. ಆಗಸ್ಟ್ 15ಕ್ಕೆ ಉದ್ಘಾಟನೆ ಆಯಿತು. ವೇದಿಕೆಯ ಮೇಲೆ ನಾನೂ ಕೂತಿದ್ದೆ, ಲಾಡು ತಿಂದೆ. ಆ ಹುಡುಗನ ಹೆಸರನ್ನು ಆ ದಿನ ಯಾರೂ ಎತ್ತಲಿಲ್ಲ. ನನಗೆ ಗೊತ್ತೂ ಇರಲಿಲ್ಲ.

'ಅಜಾಗರೂಕತೆ' ಎಂಬ ಆ ಶಬ್ದದ ಮೇಲೆ ನನ್ನ ತಕರಾರು. ಎತ್ತರದಿಂದ ಕಾರ್ಮಿಕ ಬಿದ್ದಾಗಲೆಲ್ಲ ಸುದ್ದಿಯ ಒಂದು ಮೂಲೆಯಲ್ಲಿ ಈ ಶಬ್ದವೋ 'ಆಯತಪ್ಪಿ' ಎಂಬ ಶಬ್ದವೋ ಕೂತಿರುತ್ತದೆ. ಆಯತಪ್ಪಿದ್ದು ಅವನ ಕಾಲು, ಅಜಾಗರೂಕತೆ ಅವನ ಮನಸ್ಸಿನದು ಎಂದಾದ ಮೇಲೆ ಮಿಕ್ಕವರೆಲ್ಲ ಬಿಡುಗಡೆ. ಆದರೆ ನಮ್ಮೂರಿನ ಹುಡುಗನ ಕಾಲು ಜಾರುವುದು ಎಲ್ಲಿ ನಿಶ್ಚಯವಾಯಿತು? ಒದ್ದೆ ಕಂಬಿಯ ಮೇಲೆ ಅಲ್ಲ. ಆಗಸ್ಟ್ 15 ಎಂದು ಕರಪತ್ರ ಅಚ್ಚು ಹಾಕಿದ ದಿನ ನಿಶ್ಚಯವಾಯಿತು. ದಿನಕ್ಕಿಷ್ಟು ಎಂಬ ಕೂಲಿಯ ಬದಲು ಟವರಿಗಿಷ್ಟು ಎಂದು ಗುತ್ತಿಗೆ ಮಾತಾಡಿದ ದಿನ ನಿಶ್ಚಯವಾಯಿತು. ಎರಡನೇ ಹಗ್ಗಕ್ಕೆ ದುಡ್ಡು ಬೇಡ ಎಂದು ಯಾರೋ ಅಂದಾಜುಪಟ್ಟಿಯಿಂದ ಸಾಲು ಹೊಡೆದುಹಾಕಿದ ದಿನ ನಿಶ್ಚಯವಾಯಿತು. ಎತ್ತರದಲ್ಲಿ ನಡೆಯುವ ಸಾವನ್ನು ನೆಲದ ಮೇಲೆ, ಮೇಜಿನ ಮುಂದೆ ಬರೆಯಲಾಗುತ್ತದೆ. ತಡೆಯುವುದಾದರೂ ಅಲ್ಲೇ ತಡೆಯಬೇಕು.

ಸುರಕ್ಷತಾ ಯೋಜನೆ ಎಂದರೆ ಹೆಲ್ಮೆಟ್ ಹಾಕಿಸಿ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹತ್ತುವ ಮೊದಲು ನೆಲದ ಮೇಲೆ ನಿಂತು ಕೇಳಬೇಕಾದ ಪ್ರಶ್ನೆಗಳಿವೆ, ಅವಕ್ಕೆ ಬರೆದಿಟ್ಟ ಉತ್ತರ ಇದ್ದರೆ ಅದು ಯೋಜನೆ. ಈ ಗೋಪುರ ಹೊಸ ಆಂಟೆನಾದ ಭಾರ ಹೊರುತ್ತದೆಯೆಂದು ಯಾರು ಲೆಕ್ಕ ಹಾಕಿದ್ದಾರೆ? ತುಕ್ಕು ಹಿಡಿದ ಬೋಲ್ಟ್‌ಗಳನ್ನು ಯಾರು ನೋಡಿದ್ದಾರೆ? ಕೊಕ್ಕೆ ಸಿಕ್ಕಿಸುವ ಜಾಗ ಮನುಷ್ಯ ಬಿದ್ದ ಹೊಡೆತ ತಡೆಯುತ್ತದೆಯೇ? ಒಂದು ಕೊಕ್ಕೆ ಬಿಚ್ಚುವಾಗ ಇನ್ನೊಂದು ಸಿಕ್ಕಿಕೊಂಡೇ ಇರುವಂತೆ ಎರಡೆಳೆಯ ಹಗ್ಗ ಇದೆಯೇ? ಹತ್ತಾರು ಕಿಲೋ ತೂಗುವ 5ಜಿ ಆಂಟೆನಾವನ್ನು ಯಾವ ರಾಟೆಯಿಂದ ಎಳೆಯುತ್ತೀರಿ, ಆಗ ಕೆಳಗೆ ಯಾರೂ ನಿಲ್ಲದಂತೆ ಯಾರು ಕಾಯುತ್ತಾರೆ? ಚಾಲೂ ಇರುವ ಆಂಟೆನಾದ ಮುಂದೆ ಕೆಲಸ ಮಾಡುವುದಾದರೆ ಅದನ್ನು ಆರಿಸಿದವರು ಯಾರು, ಮಧ್ಯದಲ್ಲಿ ಯಾರೋ ದೂರದ ಕಚೇರಿಯಲ್ಲಿ ಕೂತು ಮತ್ತೆ ಚಾಲೂ ಮಾಡುವುದಿಲ್ಲ ಎಂಬ ಖಾತ್ರಿ ಏನು? ಪಕ್ಕದಲ್ಲಿ ಕರೆಂಟಿನ ತಂತಿ ಇದೆಯೇ? ಗಾಳಿ, ಮಳೆ, ಸಿಡಿಲು ಎಷ್ಟಾದರೆ ಕೆಲಸ ನಿಲ್ಲಿಸುತ್ತೀರಿ?

ಕೊನೆಗೆ, ಕೊನೆಗೌಡನ ಪ್ರಶ್ನೆ: ಇಳಿಸುವವರು ಯಾರು? ಬೆಲ್ಟ್ ಹಿಡಿದುಕೊಂಡಿತು ಎಂದಾಕ್ಷಣ ಜೀವ ಉಳಿಯಿತು ಎಂದಲ್ಲ. ಅಲುಗಾಡದೆ ನೇತಾಡುವ ಮನುಷ್ಯನ ರಕ್ತ ಕಾಲುಗಳಲ್ಲಿ ತುಂಬಿಕೊಳ್ಳುತ್ತದೆ, ಮಿದುಳಿಗೆ ಸಾಲದಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹಾಗಾಗಿ ಮೇಲಿಂದ ಇಳಿಸಲು ತರಬೇತಾದ ಇನ್ನೊಬ್ಬ, ಅದಕ್ಕೇ ಮೀಸಲಾದ ಹಗ್ಗ, ಕೆಳಗೆ ಒಂದು ವಾಹನ, ಯಾವ ಆಸ್ಪತ್ರೆ ಎಂಬ ತಿಳಿವಳಿಕೆ, ಕರೆ ಮಾಡಲು ದಾರಿ ಇಷ್ಟೂ ಇರಬೇಕು. ಇವೆಲ್ಲ ಇರದಿದ್ದ ನಮ್ಮೂರಿನಲ್ಲಿ ಹುಡುಗ ಉಳಿದದ್ದು ಅವನ ಅದೃಷ್ಟ. ಅದೃಷ್ಟವನ್ನು ಸೂಪರ್‌ವೈಸರ್ ತನ್ನ ಬೆಲ್ಟಿನ ಖಾತೆಗೆ ಜಮಾ ಮಾಡಿಕೊಂಡ.

ಇದು ಬಡದೇಶದ ಕಥೆ, ಮುಂದುವರಿದವರಲ್ಲಿ ಹೀಗಿಲ್ಲ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 2012ರಲ್ಲಿ ಪ್ರೊಪಬ್ಲಿಕಾ ಮತ್ತು ಪಿಬಿಎಸ್ ವಾಹಿನಿಯ ಫ್ರಂಟ್‌ಲೈನ್ ಸೇರಿ ತನಿಖಾ ವರದಿಯೊಂದನ್ನು ಹೊರತಂದವು. 2003ರಿಂದ 2011ರ ನಡುವೆ ಮೊಬೈಲ್ ಟವರ್ ಕೆಲಸದಲ್ಲಿ 50 ಜನ ಸತ್ತಿದ್ದರು. ಕಟ್ಟಡ ಕೆಲಸದಲ್ಲಿ ಸಾಯುವವರ ಪ್ರಮಾಣಕ್ಕಿಂತ ಇದು ಸುಮಾರು ಹತ್ತು ಪಟ್ಟು. ವರದಿ ಬೊಟ್ಟು ಮಾಡಿದ್ದು ಗುತ್ತಿಗೆಯ ಸರಪಳಿಯ ಕಡೆಗೆ: ಕಂಪನಿಯಿಂದ ಗುತ್ತಿಗೆದಾರನಿಗೆ, ಅವನಿಂದ ಉಪಗುತ್ತಿಗೆದಾರನಿಗೆ, ಅಲ್ಲಿಂದ ಇನ್ನೂ ಕೆಳಕ್ಕೆ. ಪ್ರತಿ ಮೆಟ್ಟಿಲಲ್ಲೂ ಹಣ ಕರಗುತ್ತದೆ, ಹೊಣೆಯೂ ಕರಗುತ್ತದೆ. 2013ರಲ್ಲಿ ಅಲ್ಲಿ ಮತ್ತೆ 13 ಸಾವುಗಳಾದಾಗ, ಕಾರ್ಮಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಓಶಾ ಇಡೀ ಉದ್ಯಮಕ್ಕೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು.

2014ರ ಫೆಬ್ರವರಿ 1ರಂದು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್ ಬಳಿ ನಡೆದದ್ದು ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಹಳೆಯ ಗೋಪುರವನ್ನು ಗಟ್ಟಿ ಮಾಡಲು ಅದರ ಓರೆ ಪಟ್ಟಿಗಳನ್ನು ಬದಲಾಯಿಸುತ್ತಿದ್ದರು. ಹಳೆಯದನ್ನು ತೆಗೆಯುವಾಗ ತಾತ್ಕಾಲಿಕ ಆಧಾರ ಕೊಡಬೇಕಿತ್ತು, ಕೊಡಲಿಲ್ಲ. ಗೋಪುರವೇ ಕುಸಿಯಿತು. ಇಬ್ಬರು ಕಾರ್ಮಿಕರು ಸತ್ತರು. ರಕ್ಷಣೆಗೆ ಬಂದಿದ್ದಾಗ ಪಕ್ಕದ ಇನ್ನೊಂದು ಗೋಪುರ ಬಿದ್ದು ಅಗ್ನಿಶಾಮಕ ಸಿಬ್ಬಂದಿಯೊಬ್ಬರೂ ಸತ್ತರು. ಗೋಪುರವೇ ಬೀಳುವಾಗ ಬೆಲ್ಟ್ ಏನು ಮಾಡೀತು? ಆ ಸಾವುಗಳಲ್ಲಿ ಯಾರ ಕಾಲು ಆಯತಪ್ಪಿತ್ತು? ಎರಡು ವರ್ಷದ ಮೇಲೆ, 2016ರಲ್ಲಿ, ಸಂಪರ್ಕ ಗೋಪುರಗಳ ಕೆಲಸಕ್ಕೆಂದೇ ಎ10.48 ಎಂಬ ಸುರಕ್ಷತಾ ಮಾನದಂಡ ಅಲ್ಲಿ ಬಂತು. ಭಾರ ಎತ್ತುವ ಕೆಲಸಕ್ಕೆ ಮೊದಲೇ ಯೋಜನೆ ಮಾಡಿಕೊಳ್ಳಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಹೆಣಗಳನ್ನು ಎಣಿಸಿದ ಮೇಲೆ ಬಂದ ಬುದ್ಧಿ, ನಿಜ. ಆದರೆ ಎಣಿಸಿದ್ದರಿಂದ ಬಂತು.

ನಾವು ಎಣಿಸುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ಎತ್ತರದಿಂದ ಬಿದ್ದು ಸತ್ತವರ ಲೆಕ್ಕವಿದೆ. ಅದರಲ್ಲಿ ಮಾವಿನ ಮರದಿಂದ ಬಿದ್ದವರು, ತಾರಸಿಯಿಂದ ಬಿದ್ದವರು, ಟವರ್‌ನಿಂದ ಬಿದ್ದವರು ಎಲ್ಲ ಒಂದೇ ಕಂಬಳಿಯಡಿ. ಕಾರ್ಖಾನೆಯ ಅಪಘಾತಗಳಿಗೆ ಬೇರೆ ಲೆಕ್ಕವಿದೆ, ಆದರೆ ಟವರ್ ಕಾರ್ಖಾನೆಯಲ್ಲ. ನಮ್ಮಂಥ ಮೊಬೈಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳ್ಳಿ ಎಷ್ಟು, ಕೋಟಿ ಎಷ್ಟು ಎಂಬುದು ನನಗೆ ಬಾಯಿಪಾಠ. ಹತ್ತಿದವರು ಎಷ್ಟು, ಇಳಿದವರು ಎಷ್ಟು ಎಂಬ ಲೆಕ್ಕವನ್ನು ನನ್ನಂಥವನ ಕಣ್ಣಿಗೆ ಬೀಳುವ ಹಾಗೆ ಯಾರೂ ಬರೆದಿಟ್ಟಿಲ್ಲ.

ಕಾನೂನು ಇಲ್ಲವೇ? ಇದೆ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಟವರ್, ವೈರ್‌ಲೆಸ್, ಟೆಲಿಫೋನ್ ಕೆಲಸಗಳನ್ನು ಹೆಸರು ಹಿಡಿದೇ ನಿರ್ಮಾಣ ಕೆಲಸ ಎಂದು ಕರೆದಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. 2020ರಲ್ಲಿ ಸಂಸತ್ತು ಒಪ್ಪಿದ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯೂ ಹತ್ತರ ಗೆರೆಯನ್ನು ಹಾಗೇ ಇಟ್ಟುಕೊಂಡಿದೆ. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಮೊದಲಿದ್ದ 20ರ ಗೆರೆಯನ್ನು 50ಕ್ಕೆ ಏರಿಸಿದೆ. ನಿರ್ಮಾಣ ಕೆಲಸದಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು 250 ಕಾರ್ಮಿಕರಿದ್ದಾಗ. ಟವರ್ ಕೆಲಸದ ತಂಡದಲ್ಲಿರುವುದು ನಾಲ್ಕು ಜನ. ಮೇಲಿನ ಕಂಪನಿಯನ್ನು ಕೇಳಿದರೆ ಅವರು ನಮ್ಮ ಕೆಲಸಗಾರರಲ್ಲ ಎನ್ನುತ್ತದೆ. ಕೆಳಗಿನ ಗುತ್ತಿಗೆದಾರನನ್ನು ಕೇಳಿದರೆ ನನ್ನ ಹತ್ತಿರ ಇರುವುದೇ ನಾಲ್ಕು ಜನ ಎನ್ನುತ್ತಾನೆ. ಇಬ್ಬರೂ ತಮ್ಮ ಕಾಗದದ ಪ್ರಕಾರ ಸತ್ಯವನ್ನೇ ಹೇಳುತ್ತಿರುತ್ತಾರೆ. ನಮ್ಮ ಕಾನೂನು ತಲೆ ಎಣಿಸುತ್ತದೆ, ಎತ್ತರ ಅಳೆಯುವುದಿಲ್ಲ. 40 ಮೀಟರ್ ಮೇಲೆ ನಿಂತ ನಾಲ್ಕು ಜನರಿಗಿಂತ ನೆಲದ ಮೇಲೆ ನಿಂತ ಹತ್ತು ಜನ ಅದರ ಕಣ್ಣಿಗೆ ಬೇಗ ಕಾಣುತ್ತಾರೆ.

ಇನ್ನು ನಾವು, ಓದಿಕೊಂಡವರು. ಟವರ್ ಎಂದರೆ ನಮಗೆ ನೆನಪಾಗುವುದು ವಿಕಿರಣ. ಮನೆ ಪಕ್ಕ ಟವರ್ ಬಂದರೆ ಕ್ಯಾನ್ಸರ್ ಬರುತ್ತದೆ ಎಂದು ಮನವಿ ಕೊಡುತ್ತೇವೆ, ಧರಣಿ ಕೂರುತ್ತೇವೆ. ಫಲವಾಗಿ 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ ವಿಕಿರಣ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. 2017ರಲ್ಲಿ 'ತರಂಗ್ ಸಂಚಾರ್' ಎಂಬ ಜಾಲತಾಣ ಬಂತು. 4,000 ರೂಪಾಯಿ ಕಟ್ಟಿದರೆ ಬೇಕಾದ ಟವರಿನ ವಿಕಿರಣವನ್ನು ಅಳೆದು ಕೊಡುವ ಏರ್ಪಾಡಾಯಿತು. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಆ ಆಂಟೆನಾಕ್ಕೆ ಒಂದು ಮೊಳ ದೂರದಲ್ಲಿ ಎದೆಕೊಟ್ಟು ನಿಲ್ಲುವವನ ಬಗ್ಗೆ ನಮ್ಮ ಒಂದು ಮನವಿಯಲ್ಲಾದರೂ ಒಂದು ಸಾಲು ಇತ್ತೇ? ನನ್ನ ಅರ್ಜಿಯಲ್ಲಂತೂ ಇರಲಿಲ್ಲ.

ಇದಕ್ಕೆಲ್ಲ ಎದುರುತ್ತರಗಳಿವೆ, ನನಗೆ ಗೊತ್ತು. ಮೊದಲನೆಯದು: 'ಬೆಲ್ಟ್ ಕೊಟ್ಟರೂ ಅವರೇ ಹಾಕೋದಿಲ್ಲ.' ಹೌದು, ಕೆಲವರು ಹಾಕುವುದಿಲ್ಲ. ಎರಡು ಕೊಕ್ಕೆ ಬದಲಾಯಿಸುತ್ತ ಹತ್ತಿದರೆ ಹೊತ್ತು ಹಿಡಿಯುತ್ತದೆ. ಟವರಿಗಿಷ್ಟು ಎಂದು ಕೂಲಿ ನಿಗದಿ ಮಾಡಿ, ಎರಡು ದಿನದಲ್ಲಿ ಮುಗಿಸು ಎಂದು ಹೇಳಿ, ಆಮೇಲೆ ಹೊತ್ತು ತಿನ್ನುವ ಕೊಕ್ಕೆಯನ್ನು ಯಾಕೆ ಹಾಕಲಿಲ್ಲ ಎಂದು ಕೇಳುವುದು ಯಾವ ನ್ಯಾಯ? ಎರಡನೆಯದು: 'ಸಣ್ಣ ಗುತ್ತಿಗೆದಾರನಿಗೆ ಇದೆಲ್ಲ ಭರಿಸೋಕೆ ಆಗಲ್ಲ.' ಅವನಿಗೆ ಆಗದಿದ್ದರೆ ಅವನಿಗೆ ಕೆಲಸ ಕೊಟ್ಟವನು ಭರಿಸಲಿ. ಕಬ್ಬಿಣಕ್ಕೆ, ಡೀಸೆಲ್‌ಗೆ, ಜಾಗದ ಬಾಡಿಗೆಗೆ ಅಂದಾಜುಪಟ್ಟಿಯಲ್ಲಿ ಸಾಲು ಇರುವಂತೆ ಇಳಿಸುವ ಹಗ್ಗಕ್ಕೂ ಒಂದು ಸಾಲು ಇರಲಿ. ಮೂರನೆಯದು: 'ಹೀಗೆಲ್ಲ ಮಾಡಿದರೆ ಹಳ್ಳಿಗೆ ಟವರ್ ಬರೋದು ತಡವಾಗುತ್ತೆ.' ಇದು ನಮ್ಮ ಉತ್ತರ, ನಮ್ಮಂಥ ಊರಿನವರ ಉತ್ತರ. ಎಷ್ಟೋ ವರ್ಷ ಕಾದಿದ್ದೆವಲ್ಲ, ಮಳೆ ನಿಲ್ಲುವವರೆಗೆ ಕಾದಿದ್ದರೆ ಏನಾಗುತ್ತಿತ್ತು?

ಕೊನೆಗೌಡನ ಮಾತಿಗೆ ಮತ್ತೆ ಬರುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅವರ ಬದುಕೇನೂ ಸುರಕ್ಷಿತವಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮೂಲೆ ಸೇರಿದವರನ್ನು ನಾನು ನೋಡಿದ್ದೇನೆ, ಅವರಿಗೂ ನಾವು ಮಾಡಿದ್ದು ಅಷ್ಟಕ್ಕಷ್ಟೇ. ಆದರೆ ಅವರಲ್ಲಿ ಒಂದು ರೂಢಿಯಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ತೋಟದ ಯಜಮಾನ ಎಷ್ಟೇ ಅವಸರ ಮಾಡಲಿ, ಕೊನೆಗೌಡ ಬಂದು ಮರಕ್ಕೆ ಕೈ ಸವರಿ ನೋಡಿ 'ಮರ ಒದ್ದೆ ಇದೆ, ಇವತ್ತು ಹತ್ತಲ್ಲ' ಎಂದರೆ ಮುಗಿಯಿತು. ಯಜಮಾನ ಗೊಣಗಬಹುದು, ಅಡಿಕೆ ಉದುರಬಹುದು. ಆ ದಿನ ಯಾರೂ ಹತ್ತುವುದಿಲ್ಲ. ನಾಳೆ ಕೆಲಸ ತಪ್ಪುತ್ತದೆ ಎಂಬ ಭಯ ಅವನಿಗಿಲ್ಲ, ಯಾಕೆಂದರೆ ಊರಿನಲ್ಲಿ ಅವನಿಲ್ಲದೆ ಕೊನೆ ಇಳಿಯುವುದಿಲ್ಲ.

ಟವರ್ ಹುಡುಗನಿಗೆ ಇಲ್ಲದಿದ್ದದ್ದು ಅದೇ. ಭಾಷೆ ಬಾರದ ಊರಿನಲ್ಲಿ, ಯಾರ ಕೆಳಗೆ ದುಡಿಯುತ್ತಿದ್ದೇನೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲದ ಕೆಲಸದಲ್ಲಿ, 'ಇವತ್ತು ಹತ್ತಲ್ಲ' ಎಂದರೆ ನಾಳೆ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಯಾವ ಸುರಕ್ಷತಾ ಯೋಜನೆಯೂ ಈ ಎರಡು ಶಬ್ದಗಳಿಗೆ ಜಾಗ ಕೊಡದಿದ್ದರೆ ಬರೀ ಕಾಗದ.

ಹಾಗಾಗಿ ನನ್ನ ಒತ್ತಾಯ ಇಷ್ಟು. ಎತ್ತರದ ಕೆಲಸಕ್ಕೆ ಕಾನೂನು ತಲೆ ಎಣಿಸುವುದನ್ನು ಬಿಡಲಿ. ಒಬ್ಬನೇ ಹತ್ತಿದರೂ ಅನ್ವಯವಾಗಲಿ. ಲಿಖಿತ ಯೋಜನೆ ಮತ್ತು ಇಳಿಸುವ ವ್ಯವಸ್ಥೆ ಸ್ಥಳದಲ್ಲಿ ಇಲ್ಲದೆ ಯಾರನ್ನೂ ಹತ್ತಿಸಬಾರದು. ಉಪಗುತ್ತಿಗೆಯ ಮೆಟ್ಟಿಲು ಎಷ್ಟೇ ಇರಲಿ, ಸಿಗ್ನಲ್ ಮಾರಿ ಲಾಭ ಮಾಡುವವರ ಹೊಣೆ ಮೇಲಿನ ಮೆಟ್ಟಿಲಲ್ಲೇ ಉಳಿಯಲಿ. ಕೆಲಸ ನಿಲ್ಲಿಸಿದ ದಿನದ ಕೂಲಿ ಹುಡುಗನಿಗೆ ಸಿಗಲಿ. ವಿಕಿರಣಕ್ಕೆ ಜಾಲತಾಣ ಮಾಡಿದ ಸರ್ಕಾರ ಬಿದ್ದವರ ಲೆಕ್ಕಕ್ಕೂ ಒಂದು ಪುಟ ತೆರೆಯಲಿ. ಮತ್ತೆ ನಾವು, ಅರ್ಜಿ ಬರೆಯುವವರು, ಟವರ್ ಬೇಕು ಎಂದು ಬರೆಯುವ ಕಾಗದದಲ್ಲೇ ಮಳೆಯಲ್ಲಿ ಯಾರನ್ನೂ ಹತ್ತಿಸಬೇಡಿ ಎಂದು ಇನ್ನೊಂದು ಸಾಲು ಸೇರಿಸೋಣ.

ಈ ಲೇಖನವನ್ನು ನಾನು ನಮ್ಮೂರಿನಿಂದಲೇ, ಅದೇ ಟವರಿನ ಸಿಗ್ನಲ್‌ನಲ್ಲಿ ಕಳಿಸುತ್ತಿದ್ದೇನೆ. ನಾಲ್ಕೂ ಕಡ್ಡಿ ತುಂಬಿವೆ. ಆ ಹುಡುಗನ ಭುಜ ಈಗ ಹೇಗಿದೆಯೋ ಕೇಳೋಣವೆಂದರೆ ನನ್ನ ಹತ್ತಿರ ಅವನ ನಂಬರ್ ಇಲ್ಲ.